ಪಾರ್ಲಿಮೆಂಟ್ ಹಾಲ್, ಎಡಿನ್‌ಬರ್ಗ್: ಪುಕ್ಕಟೆ ನೋಡಬಹುದು, ಓದಿಕೊಂಡು ಹೋದರೆ ಇನ್ನೂ ಮಜಾ

ಸ್ಕಾಟ್ಲೆಂಡಿನ ಹಳೇ ಪಾರ್ಲಿಮೆಂಟ್ ಸೇರುತ್ತಿದ್ದ ಸಭಾಂಗಣ ಇದು, ಸೇಂಟ್ ಜೈಲ್ಸ್ ಚರ್ಚಿನ ಹಿಂದೆಯೇ ಇದೆ. ಟಿಕೆಟ್ ಇಲ್ಲ. ಈಗಲೂ ನಡೆಯುವ ಕೋರ್ಟು, ಹಾಗಾಗಿ ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತೆ, ಶನಿವಾರ ಭಾನುವಾರ ಹೋಗಬೇಡಿ. ಓಕ್ ಮರದ ಚಾವಣಿ 1630ರ ದಶಕದ್ದು, ಕತ್ತು ನೋಯುವಷ್ಟು ಹೊತ್ತು ನೋಡಬಹುದು.

ನನಗೆ ಜಾಸ್ತಿ ಹಿಡಿಸಿದ್ದು ಡಂಕನ್ ಫೋರ್ಬ್ಸ್ ಪ್ರತಿಮೆ. ರೂಬಿಲಿಯಾಕ್ 1752ರಲ್ಲಿ ಅಮೃತಶಿಲೆಯಲ್ಲಿ ಕೆತ್ತಿದ್ದು. ಫೋರ್ಬ್ಸ್ ಮೊದಲು ಲಾರ್ಡ್ ಅಡ್ವೊಕೇಟ್, ಅಂದರೆ ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಮುಖ್ಯ ವಕೀಲ. ಆಮೇಲೆ 1737ರಿಂದ 1747ರಲ್ಲಿ ಸಾಯುವವರೆಗೂ ಲಾರ್ಡ್ ಪ್ರೆಸಿಡೆಂಟ್, ಅಂದರೆ ಸ್ಕಾಟ್ಲೆಂಡಿನ ಅತಿ ದೊಡ್ಡ ಸಿವಿಲ್ ಕೋರ್ಟಾದ ಕೋರ್ಟ್ ಆಫ್ ಸೆಷನ್‌ನ ಮುಖ್ಯ ಜಡ್ಜ್. 1745ರ ಜಾಕೊಬೈಟ್ ದಂಗೆಯಲ್ಲಿ (ಪದಚ್ಯುತ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ಸಿಂಹಾಸನಕ್ಕೆ ತರೋಕೆ ನಡೆದದ್ದು) ಪತ್ರ ಬರೆದು ಬರೆದು ಸ್ಕಾಟ್ಲೆಂಡಿನ ಗುಡ್ಡಗಾಡು ಹೈಲ್ಯಾಂಡ್‌ನ ಎಷ್ಟೋ ಮುಖಂಡರು ದಂಗೆಕೋರರ ಕಡೆ ಸೇರದಂತೆ ತಡೆದ, ಸ್ವಂತ ದುಡ್ಡೂ ಸುರಿದ, ಕೊನೆಗೆ ತನ್ನ ಮನೆಯ ಪಕ್ಕದಲ್ಲೇ ಕಲ್ಲೋಡೆನ್ ಯುದ್ಧ ಮುಗಿದು ಸೋತ ದಂಗೆಕೋರರಿಗೆ ದಯೆ ತೋರಿಸಿ ಅಂದಾಗ ಗೆದ್ದ ಸರ್ಕಾರದವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕೈಯಿಂದ ಹಾಕಿದ ದುಡ್ಡೂ ಪೂರ್ತಿ ವಾಪಸ್ ಬರಲಿಲ್ಲ. ಅನ್ಯಾಯ ಅಲ್ವಾ? (ಟೀ ಕಂಡರೆ ಮಾತ್ರ ಆಗದ ಮನುಷ್ಯ, ಜನ ಬಿಯರ್ ಬಿಟ್ಟು ಟೀ ಹಿಡಿದಿದ್ದಾರೆ ಅಂತ ಗೋಳಾಡಿದ್ದ!)

ಒಂದು ಮಾತು, ವಕೀಲರು ಕೇಸಿನ ಬಗ್ಗೆ ಮಾತಾಡುತ್ತಾ ಜೋಡಿಯಾಗಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿರುತ್ತಾರೆ, ಸುಮ್ನೆ ಅಡ್ಡ ಹೋಗಬೇಡಿ.