ಫಾರ್ಚುನರ್ ಎತ್ತರಿಸಲು ಸ್ಪೇಸರ್, ಲಿಫ್ಟ್ ಸ್ಪ್ರಿಂಗ್, ಕಾಯ್ಲೋವರ್: ಯಾವುದು ಸರಿ?

ಫಾರ್ಚುನರ್‌ನ ಮುಂಭಾಗ ಎತ್ತರಿಸಲು ಮೂರು ದಾರಿ: ಶಾಕ್‌ನ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ತಲೆಯ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ, ಉದ್ದನೆಯ ಲಿಫ್ಟ್ ಸ್ಪ್ರಿಂಗ್ ಜೊತೆಗೆ ಅದಕ್ಕೆ ಹೊಂದುವ ಶಾಕ್, ಇಲ್ಲವೇ ಥ್ರೆಡ್ ಇರುವ ಕಾಯ್ಲೋವರ್ (ರಿಂಗ್ ತಿರುಗಿಸಿ ಎತ್ತರ ಹೊಂದಿಸುವ, ಸ್ಪ್ರಿಂಗ್ ಸುತ್ತಿದ ಶಾಕ್). ಮೂರನ್ನೂ ಹಾಕಿ ಓಡಿಸಿ ನೋಡಿದ ಮೇಲೆ, ಮನೆಮಂದಿಯೆಲ್ಲ ಕೂರುವ ಗಾಡಿಗೆ ನಮ್ಮ ಆಯ್ಕೆ ಎರಡನೆಯದು. ಅದೂ 40 ಮಿ.ಮೀ. ಒಳಗೆ.

ಸ್ಪೇಸರ್ ಅಗ್ಗ. ಹಳೆಯ ಸ್ಪ್ರಿಂಗೇ ಉಳಿಯುವುದರಿಂದ ಮೆತ್ತನೆಯ ಸವಾರಿಯೂ ಹಾಗೇ ಇರುತ್ತದೆ. ಆದರೆ ಶಾಕ್ ಕೂರುವುದು ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್‌ನ ನಡುಭಾಗದಲ್ಲಿ, ಹಾಗಾಗಿ 25 ಮಿ.ಮೀ. ಸ್ಪೇಸರ್ ಹಾಕಿದರೆ ಚಕ್ರದ ಬಳಿ ಸುಮಾರು 50 ಮಿ.ಮೀ. ಏರುತ್ತದೆ. ಗುಂಡಿಯಲ್ಲಿ ಚಕ್ರ ಕಂಪನಿ ಇಟ್ಟ ಮಿತಿಗಿಂತ ಕೆಳಗೆ ಜೋತುಬೀಳುತ್ತದೆ. ಆಗ ಮೇಲಿನ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಕೊನೆಯ ಕೋನಕ್ಕೆ ತಲುಪುತ್ತದೆ, ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಸಿವಿ ಜಾಯಿಂಟ್‌ನ ಬೂಟ್ (ರಬ್ಬರ್ ಹೊದಿಕೆ) ಉಜ್ಜಿ ಹರಿಯುತ್ತದೆ. 4x4 ಗಾಡಿಗೆ ಇದು ನಾವು ಒಪ್ಪದ ದಾರಿ.

ಲಿಫ್ಟ್ ಸ್ಪ್ರಿಂಗನ್ನು ಹಳೆಯ ಶಾಕ್ ಮೇಲೆ ಹಾಕಿ ದುಡ್ಡು ಉಳಿಸಲು ಹೋಗಬೇಡಿ. ಶಾಕ್ ಬಹುಪಾಲು ಚಾಚಿಕೊಂಡೇ ಇರುವುದರಿಂದ ಹಂಪ್ ಇಳಿಯುವಾಗ ಟಕ್ ಎಂದು ಬಡಿಯುತ್ತದೆ. ಸೆಟ್ಟಾಗಿಯೇ ಕೊಳ್ಳಿ. ಗಾಡಿಯ ಹಿಂಭಾಗದ ಸ್ಪ್ರಿಂಗ್ ಆರಿಸುವಾಗ ಗಾಡಿಯಲ್ಲಿ ಸದಾ ಇರುವ ಭಾರವನ್ನು ಮಾತ್ರ ಲೆಕ್ಕ ಹಾಕಿ, 400 ಕೆ.ಜಿ. ಹೆಚ್ಚುವರಿ ಭಾರಕ್ಕೆಂದು ಮಾಡಿದ ಸ್ಪ್ರಿಂಗ್ ಹಾಕಿ ಖಾಲಿ ಓಡಿಸಿದರೆ ಮೂರನೇ ಸಾಲಿನಲ್ಲಿ ಕೂತ ಮಕ್ಕಳು ಎಗರಿ ಬೀಳುತ್ತಾರೆ.

ಕಾಯ್ಲೋವರ್‌ನಲ್ಲಿ ಎಡಬಲದ ಎತ್ತರ ಸರಿಮಾಡುವುದು ಸುಲಭ. ಥ್ರೆಡ್ ಪಿಚ್ (ಎರಡು ಎಳೆಗಳ ನಡುವಿನ ಅಂತರ) 2 ಮಿ.ಮೀ. ಇದ್ದರೆ ರಿಂಗ್‌ನ ಒಂದು ಸುತ್ತಿಗೆ ಚಕ್ರದ ಬಳಿ 4 ಮಿ.ಮೀ. ಆಸುಪಾಸು. ಜಾಕ್ ಕೊಟ್ಟು ಚಕ್ರ ಎತ್ತಿ, ಥ್ರೆಡ್‌ನ ಕೆಸರು ಬ್ರಷ್‌ನಿಂದ ತೆಗೆದೇ ರಿಂಗ್ ತಿರುಗಿಸಬೇಕು, ಇಲ್ಲವಾದರೆ ಥ್ರೆಡ್ ಕಿತ್ತುಹೋಗುತ್ತದೆ. ಈ ಆರೈಕೆಗೆ ಪುರುಸೊತ್ತು ಇಲ್ಲದವರಿಗೆ ಬೇಡ. ಲಿಫ್ಟ್ ಸ್ಪ್ರಿಂಗ್‌ನಲ್ಲಿ ಒಂದು ಬದಿ ತಗ್ಗಿದ್ದರೆ ಆ ಬದಿಯ ಸ್ಪ್ರಿಂಗ್ ಮೇಲೆ 5 ಮಿ.ಮೀ. ಪ್ಯಾಕರ್ (ತೆಳು ಬಿಲ್ಲೆ) ಇಟ್ಟರೆ ಸಾಕು, ಚಕ್ರದ ಬಳಿ 10 ಮಿ.ಮೀ. ಸರಿಹೋಗುತ್ತದೆ.

ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಲೆಕ್ಕ ಕೆಡಿಸುತ್ತದೆ. ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ ನೇರ ಅಳೆಯಿರಿ. ಅದಕ್ಕೂ ಮೊದಲು ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ ಸ್ಪ್ರಿಂಗ್ ಕೂರಲು ಬಿಡಿ.

ಯಾವುದೇ ದಾರಿ ಹಿಡಿದರೂ ಕೆಲಸ ಗೆಲ್ಲುವುದು ಅಲೈನ್‌ಮೆಂಟ್‌ನಲ್ಲಿ. ಎತ್ತರ ಏರಿದರೆ ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕುಗ್ಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳದು, ಹೈವೇಯಲ್ಲಿ ಗಾಡಿ ಅಲೆಯುತ್ತದೆ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ನೋಡಿ ಕಳಿಸುವ ಅಂಗಡಿಗೆ ಹೋಗಬೇಡಿ. ಕೆಳಗಿನ ಆರ್ಮ್‌ಗೆ ಪ್ರತಿ ಬದಿ ಎರಡು ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಸರಿಯುವ ಬೋಲ್ಟ್) ಇವೆ: ಮುಂದಿನದನ್ನು ಒಳಕ್ಕೆ, ಹಿಂದಿನದನ್ನು ಹೊರಕ್ಕೆ ಸರಿಸಿದರೆ ಕ್ಯಾಸ್ಟರ್ ಹೆಚ್ಚುತ್ತದೆ. ಎಡಬಲದ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು. ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಗಾಡಿ ಎಳೆಯುತ್ತದೆ. ಕ್ಯಾಸ್ಟರ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮುಗಿಸಿ ಕೊನೆಗೆ ಟೋ. ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಪೂರ್ತಿ ಬಿಗಿಯಬೇಕು. ಚಕ್ರ ಜೋತಿರುವಾಗ ಬಿಗಿದರೆ ಆರ್ಮ್ ಬುಡದ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಗಾಡಿಗಳಲ್ಲಿ ಈ ಬೋಲ್ಟ್ ತುಕ್ಕಿಗೆ ಕಚ್ಚಿಕೊಂಡಿರುತ್ತದೆ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗಾಡಿ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಕೊಳ್ಳುವ ಮೊದಲೇ ಆರ್‌ಟಿಒ, ವಿಮೆ ಎರಡೂ ಕಡೆ ಕೇಳಿ. ಹೊಸ ಸ್ಪ್ರಿಂಗ್ ಸುಮಾರು 1,000 ಕಿ.ಮೀ.ಯಲ್ಲಿ ತುಸು ಕೂರುತ್ತದೆ. ಆಗ ಮತ್ತೆ ಅಳೆದು, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ, ಹೆಡ್‌ಲ್ಯಾಂಪ್ ಬೆಳಕನ್ನೂ ತಗ್ಗಿಸಿಕೊಳ್ಳಿ.