ಹನ್ನೊಂದು ಮಳೆಗಾಲ ಕೇಳಿದ ಮೇಲೆ: ಕಾಕ್ಟೋ ಟ್ವಿನ್ಸ್ ತಂಡದ ‘ಹೆವನ್ ಆರ್ ಲಾಸ್ ವೇಗಸ್’

ಈ ಆಲ್ಬಮ್ಮನ್ನು ನಾನು ಹನ್ನೊಂದು ಮಳೆಗಾಲಗಳಿಂದ ಕೇಳುತ್ತಾ ಬಂದಿದ್ದೇನೆ. ಮೊದಲು ಕಾರವಾರದ ಬಾಡಿಗೆ ಮನೆಯಲ್ಲಿ, ಆಮೇಲೆ ಶಿರಸಿಯಲ್ಲಿ, ನಡುನಡುವೆ ದೇವಿಮನೆ ಘಟ್ಟ ಹತ್ತಿಳಿಯುವ ಬಸ್ಸಿನ ಕಿಟಕಿಯ ಪಕ್ಕದಲ್ಲಿ. ಇದರ ಬಗ್ಗೆ ವಿಮರ್ಶಕರು ಬರೆದದ್ದನ್ನು, ಹಾಡುಗಳನ್ನು ಕೇಳುವುದಕ್ಕೂ ಮೊದಲೇ ಓದಿದ್ದೆ. ಅದರಲ್ಲಿ ಎಷ್ಟು ನನ್ನ ಕಿವಿಯಲ್ಲಿ ಉಳಿಯಿತು, ಎಷ್ಟು ಉದುರಿಹೋಯಿತು ಎಂಬುದನ್ನು ಹೇಳಲು ಈಗ ಸಾಕಷ್ಟು ಕಾಲ ಕಳೆದಿದೆ ಎಂದುಕೊಂಡಿದ್ದೇನೆ.

ಫೋರ್ ಎಡಿ ಎಂಬ ಬ್ರಿಟಿಷ್ ಸಂಗೀತ ಕಂಪನಿ ಇದನ್ನು ಹೊರತಂದದ್ದು 1990ರ ಸೆಪ್ಟೆಂಬರಿನಲ್ಲಿ. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿ ಹುಟ್ಟಿದ ತಂಡದಲ್ಲಿ ಆಗ ಇದ್ದವರು ಮೂವರು: ಗಾಯಕಿ ಎಲಿಜಬೆತ್ ಫ್ರೇಜರ್, ಗಿಟಾರಿನ ರಾಬಿನ್ ಗತ್ರಿ, ತಗ್ಗು ಸ್ವರದ ಬೇಸ್ ಗಿಟಾರ್ ಮತ್ತು ಪಿಯಾನೊ ನುಡಿಸುವ ಸೈಮನ್ ರೇಮಂಡ್. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಇದು 7ನೆಯ ಸ್ಥಾನಕ್ಕೆ ಏರಿತು, ಅಮೆರಿಕದಲ್ಲಿ 99ನೆಯ ಸ್ಥಾನ ತಲುಪಿತು. ಇಂದು ಡ್ರೀಮ್ ಪಾಪ್, ಅಂದರೆ ಕನಸಿನಂಥ ಮಬ್ಬು ನಾದದ ಪಾಪ್ ಸಂಗೀತ, ಎಂಬ ಮಾತು ಬಂದಲ್ಲೆಲ್ಲ ಮೊದಲು ಹೆಸರಿಸುವ ಆಲ್ಬಮ್‌ಗಳಲ್ಲಿ ಇದೂ ಒಂದು.

ಹೊಗಳಿಕೆ ಮಾತ್ರ ಸದಾ ಆಕಾಶದ ಕಡೆಗೇ ಹೋಗುತ್ತದೆ. ಫ್ರೇಜರ್ ಅವರ ಧ್ವನಿಯನ್ನು ಬ್ರಿಟಿಷ್ ಪತ್ರಿಕೆಗಳಲ್ಲಿ ‘ದೇವರ ಕಂಠ’ ಎಂದು ಕರೆದದ್ದೂ ಉಂಟು. ಸ್ವರ್ಗೀಯ, ಅಲೌಕಿಕ, ತೇಲುವ ಸಂಗೀತ ಎಂಬ ಮಾತುಗಳಂತೂ ಪ್ರತಿ ವಿಮರ್ಶೆಯಲ್ಲೂ ಸಿಗುತ್ತವೆ. ಮೊದಲ ವರ್ಷ ನಾನೂ ಹಾಗೆಯೇ ಕೇಳಿದೆ. ಆ ಅಭಿಪ್ರಾಯ ಬದಲಾದದ್ದು ಮಳೆಯಿಂದ. ಕಾರವಾರದಲ್ಲಿ ಜೂನ್ ಕೊನೆಯ ಹೊತ್ತಿಗೆ ಹಂಚಿನ ಮೇಲೆ ಬೀಳುವ ಮಳೆ ಮನೆಯೊಳಗಿನ ಸಣ್ಣ ಸದ್ದುಗಳನ್ನೆಲ್ಲ ನುಂಗಿಬಿಡುತ್ತದೆ. ಸ್ಪೀಕರಿನಲ್ಲಿ ಈ ಆಲ್ಬಮ್ ಹಾಕಿ ಕುಳಿತಾಗ, ಪದರ ಪದರವಾಗಿ ಮಿನುಗುವ ಗತ್ರಿಯವರ ಗಿಟಾರು ಮಳೆಯ ಸದ್ದಿನಲ್ಲೇ ಕರಗಿಹೋಯಿತು, ಫ್ರೇಜರ್ ಅವರ ಮೇಲಿನ ಸ್ವರಗಳು ಆಗೊಮ್ಮೆ ಈಗೊಮ್ಮೆ ಮಾತ್ರ ತಲೆ ಎತ್ತಿದವು. ಉಳಿದದ್ದು ರೇಮಂಡ್ ಅವರ ಬೇಸ್. ‘ಚೆರಿ ಕಲರ್ಡ್ ಫಂಕ್’ ಹಾಡಿನಲ್ಲಿ ಅದು ನೆಲದ ಮೇಲೆ ಗಟ್ಟಿಯಾಗಿ ಹೆಜ್ಜೆ ಊರಿ ನಡೆಯುತ್ತದೆ. ಅಂದಿನಿಂದ ಈ ಸಂಗೀತ ತೇಲುತ್ತದೆ ಎಂಬ ಮಾತನ್ನು ನನಗೆ ಒಪ್ಪಲಾಗಿಲ್ಲ. ಧ್ವನಿ ಅಷ್ಟು ಎತ್ತರಕ್ಕೆ ಹೋಗಲು ಸಾಧ್ಯವಾದದ್ದು ಕೆಳಗೆ ಇಷ್ಟು ಭಾರವಿರುವುದರಿಂದಲೇ.

ಸಾಹಿತ್ಯ ಅರ್ಥವಾಗುವುದಿಲ್ಲ ಎಂಬುದು ಇನ್ನೊಂದು ಹಳೆಯ ದೂರು, ಮತ್ತು ಇಲ್ಲಿ ನಾನು ಕೇಳಿಸಿದ ಗೆಳೆಯರಲ್ಲಿ ಹೆಚ್ಚಿನವರು ಮೊದಲು ಹೇಳಿದ್ದೂ ಅದನ್ನೇ. ಹಿಂದಿನ ಆಲ್ಬಮ್‌ಗಳಿಗೆ ಹೋಲಿಸಿದರೆ ಇದರಲ್ಲಿ ಇಂಗ್ಲಿಷ್ ಪದಗಳು ಸಾಕಷ್ಟು ಸ್ಪಷ್ಟವಾಗಿವೆ. ಆದರೂ ಸಾಲು ಸಾಲುಗಳೇ ಹಿಡಿತಕ್ಕೆ ಸಿಗದೆ ಜಾರುತ್ತವೆ. ಹೊನ್ನಾವರದ ಕಡೆಯವರಾದ ನನ್ನ ಅತ್ತಿಗೆ ಬಹಳ ವರ್ಷ ಹಿಂದುಸ್ತಾನಿ ಕಲಿತವರು. ಅವರು ‘ಪಿಚ್ ದ ಬೇಬಿ’ ಹಾಡನ್ನು ಒಮ್ಮೆ ಪೂರ್ತಿ ಕೇಳಿ, ತರಾನಾ ಹಾಡುವಾಗ ದಿರ್ ದಿರ್, ತನೋಂ ಎಂಬುದಕ್ಕೆ ಯಾರೂ ಅರ್ಥ ಕೇಳುವುದಿಲ್ಲವಲ್ಲ, ಇದಕ್ಕೆ ಮಾತ್ರ ಯಾಕೆ ಕೇಳಬೇಕು ಎಂದರು. ಆ ಮಾತು ನನಗೆ ಯಾವ ವಿಮರ್ಶೆಗಿಂತಲೂ ಹೆಚ್ಚು ಉಪಯೋಗಕ್ಕೆ ಬಂತು. ರಾತ್ರಿ ಯಕ್ಷಗಾನದ ಆಟ ನೋಡಲು ಹೋಗಿ ಗದ್ದೆಯ ಕೊನೆಯಲ್ಲಿ ಕುಳಿತವರಿಗೆ ಭಾಗವತರ ಪದ್ಯದ ಅಕ್ಷರಗಳು ಅರ್ಧಕ್ಕರ್ಧ ತಲುಪುವುದಿಲ್ಲ. ಆದರೆ ಈಗ ನಡೆಯುತ್ತಿರುವುದು ಶೋಕವೋ ವೀರವೋ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಈ ಹಾಡುಗಳ ಹಿಂದಿನ ಸಂಗತಿಗಳು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. 1989ರಲ್ಲಿ ಸಂಗಾತಿಗಳಾಗಿದ್ದ ಫ್ರೇಜರ್ ಮತ್ತು ಗತ್ರಿ ಅವರಿಗೆ ಮಗಳು ಹುಟ್ಟಿದ್ದಳು. ಗತ್ರಿ ಮಾದಕ ವ್ಯಸನದಲ್ಲಿ ಮುಳುಗಿದ್ದರು. ಸಂಗೀತ ಸಂಯೋಜಕರಾಗಿದ್ದ ರೇಮಂಡ್ ಅವರ ತಂದೆ 1990ರಲ್ಲಿ ತೀರಿಕೊಂಡರು. ಕೊನೆಯ ಹಾಡಾದ ‘ಫ್ರೂ ಫ್ರೂ ಫಾಕ್ಸಸ್ ಇನ್ ಮಿಡ್‌ಸಮ್ಮರ್ ಫೈರ್ಸ್’ನ ಪಿಯಾನೊ ಭಾಗ ಹುಟ್ಟಿದ್ದು ತಂದೆ ಹೋದ ಮರುದಿನವೆಂದು ರೇಮಂಡ್ ಹೇಳಿಕೊಂಡಿದ್ದಾರೆ. ತೊಟ್ಟಿಲು ಮತ್ತು ಸೂತಕ ಒಂದೇ ಸ್ಟುಡಿಯೊದೊಳಗೆ ಇದ್ದ ಕಾಲದ ಕೆಲಸವಿದು. ಇದನ್ನು ಬರೀ ಕನಸಿನ ಸಂಗೀತವೆಂದು ಕರೆದರೆ ಆ ಮೂವರಿಗೆ ಅನ್ಯಾಯವಾಗುತ್ತದೆ ಎಂದು ನನ್ನ ದೃಢವಾದ ಅಭಿಪ್ರಾಯ.

ಕೊರತೆಗಳಿಲ್ಲವೆಂದಲ್ಲ. ಯಂತ್ರದಲ್ಲಿ ಜೋಡಿಸಿದ ತಾಳ ಕೆಲವೆಡೆ ಒಂದೇ ಹದದಲ್ಲಿ ಬಡಿಯುತ್ತದೆ. ‘ಫಿಫ್ಟಿ ಫಿಫ್ಟಿ ಕ್ಲೌನ್’ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸಿಲ್ಲ. ಹತ್ತು ಹಾಡುಗಳು ಮೂವತ್ತೆಂಟು ನಿಮಿಷದೊಳಗೆ ಮುಗಿದುಹೋಗುತ್ತವೆ. ಎಲ್ಲ ಹಾಡೂ ಒಂದೇ ಥರ ಎಂದು ಹೇಳಿದ ಸಹೋದ್ಯೋಗಿಯ ಮಾತಿನಲ್ಲಿಯೂ ಸತ್ಯವಿದೆ. ಅವರು ಕೇಳಿದ್ದು ಫೋನಿನ ಸಣ್ಣ ಸ್ಪೀಕರಿನಲ್ಲಿ. ಅದರಲ್ಲಿ ಬೇಸ್ ಬರುವುದೇ ಇಲ್ಲ, ಬೇಸ್ ಇಲ್ಲದಿದ್ದರೆ ಹಾಡು ಹಾಡಿಗಿರುವ ವ್ಯತ್ಯಾಸ ಅರ್ಧದಷ್ಟು ಅಳಿಸಿಹೋಗುತ್ತದೆ. ಕೊಳ್ಳುವವರಿಗೆ ಇನ್ನೊಂದು ಮಾತು: ನಾನು ತರಿಸಿದ ಸಿ.ಡಿ.ಯ ಡಬ್ಬಿ ಒಡೆದೇ ಬಂದಿತ್ತು, ಮಾರಿದವರು ಬದಲಿಸಿ ಕೊಡಲಿಲ್ಲ, ಎರಡನೆಯ ಮಳೆಗಾಲಕ್ಕೆ ಹೊದಿಕೆಯ ಕಾಗದಕ್ಕೆ ಬೂಸಲು ಹಿಡಿಯಿತು. ಕರಾವಳಿಯಲ್ಲಿ ಇರುವವರು ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು.

ಹೊಸದಾಗಿ ಕೇಳುವವರು ‘ಐಸ್‌ಬ್ಲಿಂಕ್ ಲಕ್’ನಿಂದ ಶುರುಮಾಡಲಿ ಎಂದು ಹೆಚ್ಚಿನವರು ಹೇಳುತ್ತಾರೆ. ನಾನು ಒಂಬತ್ತನೆಯ ಹಾಡನ್ನು ಸೂಚಿಸುತ್ತೇನೆ. ‘ರೋಡ್, ರಿವರ್ ಅಂಡ್ ರೇಲ್’ ಎಂಬ ಆ ನಿಧಾನದ ಹಾಡಿನ ಬಗ್ಗೆ ಬರೆದವರು ಕಡಿಮೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟುವ ರೈಲಿನಲ್ಲಿ ಕುಳಿತು ಅದನ್ನು ಒಮ್ಮೆ ಕೇಳಿದ್ದೆ. ಸೇತುವೆ ಮುಗಿದ ಮೇಲೂ ಹಾಡು ಇನ್ನೂ ನೀರಿನ ಮೇಲೆಯೇ ಇತ್ತು.