ಮಣ್ಣಿನ ಮೈದಾನಕ್ಕೆ ಕೈಹೊಲಿಗೆಯ ಚೆಂಡು: ಅರ್ಧ ಲೀಗ್ ಆಡಿದ ಮೇಲೆ

ದಾವಣಗೆರೆಯಲ್ಲಿ ಹವ್ಯಾಸಿ ಆಟಗಾರರ ಫುಟ್‌ಬಾಲ್ ತಂಡವೊಂದರ ಮ್ಯಾನೇಜರ್ ಆಗಿರುವ ನನ್ನ ಪಾಲಿಗೆ ಈ ಸಲದ ಲೀಗ್ ಶುರುವಾಗುವ ಮುನ್ನ ಚೆಂಡು ಕೊಳ್ಳುವ ಕೆಲಸ ಬಂದಿತ್ತು. ನಮ್ಮ ಲೀಗ್‌ನಲ್ಲಿ ಪಂದ್ಯಕ್ಕೆ ಚೆಂಡು ಒದಗಿಸುವುದು ಆತಿಥೇಯ ತಂಡದ ಹೊಣೆ. ಹಾಗಾಗಿ ಊರಿನಲ್ಲಿ ಆಡುವ ಪಂದ್ಯಗಳೆಲ್ಲ ನಾವು ಆರಿಸಿದ ಚೆಂಡಿನಲ್ಲಿ ನಡೆಯುತ್ತವೆ, ಬೇರೆ ಊರಿಗೆ ಹೋದಾಗ ಅಲ್ಲಿಯವರು ಕೊಟ್ಟದ್ದರಲ್ಲಿ ಆಡಬೇಕು. ಹಿಂದಿನ ವರ್ಷಗಳಲ್ಲಿ ಬಳಸುತ್ತಿದ್ದ ಅಚ್ಚಿನ ರಬ್ಬರ್ ಚೆಂಡುಗಳನ್ನು ಅಭ್ಯಾಸಕ್ಕೆ ಇಟ್ಟುಕೊಂಡು, ಪಂದ್ಯಗಳಿಗೆಂದು ಐದನೇ ಸೈಜಿನ, 32 ತುಂಡುಗಳ, ಪಾಲಿಯುರೆಥೇನ್ ಹೊದಿಕೆಯ, ಕೈಯಲ್ಲಿ ಹೊಲಿದ ಚೆಂಡುಗಳನ್ನು ಕೊಂಡೆವು. ಆಟಗಾರರ ಬಗ್ಗೆ, ಬೂಟಿನ ಬಗ್ಗೆ, ರೆಫರಿಯ ಬಗ್ಗೆ ಗಂಟೆಗಟ್ಟಲೆ ವಾದಿಸುವ ನಮ್ಮಂಥ ತಂಡಗಳು ಚೆಂಡಿನ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಈ ಋತುವಿನಲ್ಲಿ ಈವರೆಗೆ ನಡೆದ ಪಂದ್ಯಗಳನ್ನು ಒಂದೊಂದಾಗಿ ನೆನೆದರೆ, ಗೆಲುವು ಸೋಲುಗಳಲ್ಲಿ ಕೆಲವಕ್ಕಾದರೂ ಚೆಂಡೂ ಅದರೊಳಗಿನ ಗಾಳಿಯೂ ಕಾರಣವಾಗಿವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕೊಳ್ಳುವ ವಿಚಾರ. ಚೆಂಡಿನ ಮೇಲೆ ಕಾಣುವ ಫಿಫಾ ಮುದ್ರೆಗಳಲ್ಲಿ ಮೂರು ದರ್ಜೆಗಳಿವೆ: ಬೇಸಿಕ್, ಕ್ವಾಲಿಟಿ, ಕ್ವಾಲಿಟಿ ಪ್ರೊ. ನಾವು ಕೊಂಡದ್ದು ಬೇಸಿಕ್ ಮುದ್ರೆಯದು. ಆಟದ ನಿಯಮಾವಳಿಯ ಎರಡನೇ ನಿಯಮದ ಪ್ರಕಾರ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಪಂದ್ಯದ ಆರಂಭದಲ್ಲಿ ತೂಕ 410ರಿಂದ 450 ಗ್ರಾಂ ಇರಬೇಕು. ಪ್ರೊ ದರ್ಜೆಯಲ್ಲಿ ಇದೇ ಮಿತಿ ಇನ್ನೂ ಬಿಗಿಯಾಗಿದ್ದು, ಸುತ್ತಳತೆ 68.5ರಿಂದ 69.5 ಸೆಂಟಿಮೀಟರ್ ಮತ್ತು ತೂಕ 420ರಿಂದ 445 ಗ್ರಾಂ ಒಳಗಿರಬೇಕಾಗುತ್ತದೆ. ಅದರ ಜೊತೆಗೆ ಚೆಂಡನ್ನು ಉಕ್ಕಿನ ಹಲಗೆಗೆ ಎರಡು ಸಾವಿರ ಸಲ ಹೊಡೆದು ಆಕಾರ ಕೆಡುವುದೋ ಇಲ್ಲವೋ ಎಂದು ನೋಡುತ್ತಾರೆ. ಹುಲ್ಲಿನ ಮೇಲೆ ಆಡುವವರಿಗೆ ಆ ಪರೀಕ್ಷೆಗೆ ಬೆಲೆ ಇದೆ. ಜಲ್ಲಿ, ಗರಸು, ಒಣಗಿದ ಬೇರುಗಳ ಮೇಲೆ ಆಡುವ ನಮಗೆ ಚೆಂಡು ಸವೆಯುವುದು ಆಕಾರ ಕೆಡುವುದಕ್ಕಿಂತ ಮೊದಲೇ, ಹೊದಿಕೆಯಲ್ಲಿ. ಆದ್ದರಿಂದ ಮೂರು ಪಟ್ಟು ಹಣ ಕೊಟ್ಟು ಪ್ರೊ ಚೆಂಡು ತರಬೇಕೆಂದು ತಂಡದ ಕಿರಿಯರು ಹಟ ಹಿಡಿದಾಗ ನಾನು ಒಪ್ಪಲಿಲ್ಲ; ಈಗಲೂ ಒಪ್ಪುವುದಿಲ್ಲ.

ಮೊದಲ ಪಂದ್ಯ ಜೂನ್ ತಿಂಗಳ ಮಳೆಯಲ್ಲಿ ನಡೆಯಿತು. ನಾವು ಆಡುವ ಮೈದಾನ ಊರಿನ ಅಂಚಿನಲ್ಲಿದೆ, ಒಂದು ಬದಿಯಲ್ಲಿ ಕಪ್ಪು ಮಣ್ಣು, ಇನ್ನೊಂದು ಬದಿಯಲ್ಲಿ ತಂದು ಸುರಿದ ಕೆಂಪು ಮಣ್ಣು. ಮಳೆ ಬಿದ್ದಾಗ ಕಪ್ಪು ಮಣ್ಣಿನ ಬದಿ ಬೂಟಿಗೂ ಅಂಟುತ್ತದೆ, ಚೆಂಡಿಗೂ ಅಂಟುತ್ತದೆ. ಕೈಹೊಲಿಗೆಯ ಚೆಂಡಿನ ದೌರ್ಬಲ್ಯ ಇರುವುದೇ ಇಲ್ಲಿ. ಹೊಲಿಗೆಯ ರಂಧ್ರಗಳ ಮೂಲಕ ನೀರು ಒಳಗಿನ ಬಟ್ಟೆಯ ಪದರಕ್ಕೆ ಇಳಿಯುತ್ತದೆ, ಇಳಿದ ನೀರು ಆಟ ಮುಗಿಯುವವರೆಗೆ ಹೊರಬರುವುದಿಲ್ಲ. ಮಧ್ಯಂತರದ ಹೊತ್ತಿಗೆ ನಾವು 1–0 ಮುಂದಿದ್ದೆವು; ಎರಡನೇ ಅವಧಿಯಲ್ಲಿ ನಮ್ಮ ಎಡಬದಿಯ ಡಿಫೆಂಡರ್ ಎಂದಿನಂತೆ ಹೊಡೆದ ಉದ್ದದ ಪಾಸ್‌ಗಳು ಅರ್ಧ ದಾರಿಯಲ್ಲೇ ಬಿದ್ದು ಎದುರಾಳಿಗಳ ಕಾಲಿಗೆ ಸಿಗತೊಡಗಿದವು, ಅಂಥದೊಂದು ಪಾಸ್‌ನಿಂದಲೇ ಸಮಬಲದ ಗೋಲು ಬಂತು. ಪಂದ್ಯ ಮುಗಿದ ಮೇಲೆ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಚೆಂಡು ಐನೂರು ಗ್ರಾಂ ಹತ್ತಿರ ತೂಗಿತು. ಫಿಫಾದ ಪರೀಕ್ಷೆಯಲ್ಲಿ ಚೆಂಡನ್ನು ನೀರಿನ ತೊಟ್ಟಿಯಲ್ಲಿ ಇನ್ನೂರೈವತ್ತು ಸಲ ಒತ್ತಿ ಹೊರಳಿಸಿ ಹೀರಿದ ನೀರನ್ನು ಅಳೆಯುತ್ತಾರೆ, ಮೇಲಿನ ದರ್ಜೆಯ ಚೆಂಡುಗಳು ಸರಾಸರಿ ಶೇಕಡಾ ಹತ್ತಕ್ಕಿಂತ ಹೆಚ್ಚು ಹೀರುವಂತಿಲ್ಲ. ಮಳೆಗಾಲದಲ್ಲಿ ಹೆಚ್ಚು ಪಂದ್ಯ ಆಡುವ ಮಲೆನಾಡಿನ ಕಡೆಯ ತಂಡವಾಗಿದ್ದರೆ ನಾನು ಈ ಚೆಂಡನ್ನು ಕೊಳ್ಳಲು ಹೇಳುತ್ತಿರಲಿಲ್ಲ. ದಾವಣಗೆರೆಯಲ್ಲಿ ಅಂಥ ಮಳೆ ಒಂದು ಋತುವಿಗೆ ಒಂದೆರಡು ಪಂದ್ಯಕ್ಕೆ ಬಂದರೆ ಹೆಚ್ಚು. ಆ ದಿನಗಳಿಗೆ ಎರಡು ಚೆಂಡು ಇಟ್ಟುಕೊಂಡು, ಮಧ್ಯಂತರದಲ್ಲಿ ರೆಫರಿಯ ಒಪ್ಪಿಗೆ ಪಡೆದು ಬದಲಿಸುವುದು ಸಾಕು. ನಂತರ ಒಮ್ಮೆ ಹಾಗೆಯೇ ಮಾಡಿದೆವು, ತೊಂದರೆಯಾಗಲಿಲ್ಲ.

ಆಷಾಢದಲ್ಲಿ ಚಿತ್ರದುರ್ಗಕ್ಕೆ ಹೋದೆವು. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆ ತಿಂಗಳಲ್ಲಿ ಅಲ್ಲಿ ಬೀಸುವ ಗಾಳಿ ಗೋಲ್ ಕಿಕ್ ಅನ್ನೇ ಹಿಂದಕ್ಕೆ ತಿರುಗಿಸುವಷ್ಟಿರುತ್ತದೆ. ಚೆಂಡು ಅವರದು. ನಮ್ಮದರಂತೆಯೇ ಕೈಹೊಲಿಗೆಯದೇ ಆದರೂ ಹೆಬ್ಬೆರಳಿನಿಂದ ಒತ್ತಿದರೆ ಒಂದಿಷ್ಟೂ ತಗ್ಗದಷ್ಟು ಗಾಳಿ ತುಂಬಿದ್ದರು. ಟಾಸ್ ಆಗುವ ಮೊದಲೇ ನಮ್ಮ ಗೋಲ್ ಕೀಪರ್ ಅದನ್ನು ಎರಡು ಸಲ ನೆಲಕ್ಕೆ ಬಡಿದು ನೋಡಿ, "ಸರ್, ಇದು ಬಾಲಲ್ಲ, ಕಲ್ಲಾಗೈತಿ" ಎಂದ. ರೆಫರಿಯ ಬಳಿ ಒತ್ತಡ ಅಳೆಯುವ ಗೇಜ್ ಇರಲಿಲ್ಲ, ಆದ್ದರಿಂದ ಅದೇ ಚೆಂಡಿನಲ್ಲಿ ಆಟ ನಡೆಯಿತು. ನಿಯಮ ಒಪ್ಪುವ ಒತ್ತಡ ಸಮುದ್ರಮಟ್ಟದಲ್ಲಿ 0.6ರಿಂದ 1.1 ವಾಯುಭಾರ, ಅಂದರೆ ನಮ್ಮ ಪಂಪ್‌ಗಳ ಲೆಕ್ಕದಲ್ಲಿ 8.5ರಿಂದ 15.6 ಪಿಎಸ್‌ಐ. ಈ ಎರಡು ತುದಿಗಳ ನಡುವಿನ ಅಂತರ ಬಹಳ ದೊಡ್ಡದು ಎಂಬುದನ್ನು ಗಮನಿಸಬೇಕು: ಒಂದು ತುದಿಯಲ್ಲಿ ಆಡುವ ತಂಡ ಇನ್ನೊಂದು ತುದಿಗೆ ಹೋದರೆ ಬೇರೆ ಆಟವನ್ನೇ ಕಲಿಯಬೇಕಾಗುತ್ತದೆ. ಗಟ್ಟಿಯಾಗಿ ತುಂಬಿದ ಚೆಂಡು ಗಟ್ಟಿ ನೆಲದಿಂದ ಎತ್ತರಕ್ಕೆ ಪುಟಿಯುತ್ತದೆ, ಪುಟಿದಷ್ಟು ಹೊತ್ತು ಅದು ನೆಲಕ್ಕೆ ಸೇರಿದ್ದಲ್ಲ, ಗಾಳಿಗೆ ಸೇರಿದ್ದು. ನೆಲದ ಮೇಲೆ ಚಿಕ್ಕ ಪಾಸ್ ಆಡುವ ನಮ್ಮ ಮಿಡ್‌ಫೀಲ್ಡ್‌ಗೆ ಆ ಸಂಜೆ ಚೆಂಡು ಮೊಣಕಾಲಿನ ಕೆಳಗೆ ಸಿಕ್ಕಿದ್ದೇ ಅಪರೂಪ. 2–0 ಸೋಲು ನ್ಯಾಯವಾದದ್ದೇ. ಆತಿಥೇಯರು ತಮ್ಮ ಗಾಳಿ, ತಮ್ಮ ನೆಲ, ತಮ್ಮ ಚೆಂಡು ಮೂರನ್ನೂ ಅರಿತು ಆಡಿದರು, ಎರಡೂ ಗೋಲುಗಳು ನಮ್ಮ ಡಿಫೆಂಡರ್‌ಗಳ ತಲೆಯ ಮೇಲೆ ಪುಟಿದು ಹೋದ ಚೆಂಡಿನಿಂದಲೇ ಬಂದವು.

ಆ ಸೋಲಿನ ನಂತರ ಒಂದು ಗೇಜ್ ಇರುವ ಕೈಪಂಪ್ ಕೊಂಡೆ. ಈ ಇಡೀ ವಿಮರ್ಶೆಯಲ್ಲಿ ಒಂದೇ ವಸ್ತುವನ್ನು ಕೊಳ್ಳಲೇಬೇಕು ಎಂದು ಹೇಳುವುದಾದರೆ ಅದು ಚೆಂಡಲ್ಲ, ಈ ಪಂಪ್. ನಮ್ಮ ಕಡೆಯ ತಂಡಗಳಲ್ಲಿ ಬಹುಪಾಲು ಜನ ಚೆಂಡಿಗೆ ಗಾಳಿ ಹಾಕಿಸುವುದು ಪೆಟ್ರೋಲ್ ಬಂಕಿನಲ್ಲಿ ಅಥವಾ ಪಂಕ್ಚರ್ ಅಂಗಡಿಯಲ್ಲಿ. ಮೂವತ್ತು ಪಿಎಸ್‌ಐಗೂ ಮೇಲಿನ ಟೈರ್‌ಗಳಿಗೆಂದು ಇರುವ ಕಂಪ್ರೆಸರ್‌ನಿಂದ ಒಂದು ಕ್ಷಣ ಹೆಚ್ಚು ಹಿಡಿದರೂ ಚೆಂಡು ಮಿತಿ ಮೀರುತ್ತದೆ, ಹೊಲಿಗೆ ಎಳೆದುಕೊಳ್ಳುತ್ತದೆ, ಚೆಂಡು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ನಮ್ಮದೇ ಒಂದು ಹೊಸ ಚೆಂಡು ಹಾಗೆ ಹಾಳಾಗಿ ಈಗ ಮಕ್ಕಳ ಪಾಲಾಗಿದೆ. ಕೈಪಂಪ್‌ನಲ್ಲಿ ಅಳೆದು ಅಳೆದು ನೋಡಿ, ನಮ್ಮ ಮೈದಾನಕ್ಕೆ ಒಂಬತ್ತರಿಂದ ಹತ್ತು ಪಿಎಸ್‌ಐ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದೇವೆ. ನಿಯಮದ ಒಳಗೇ ಇರುವ, ಆದರೆ ಕೆಳತುದಿಗೆ ಹತ್ತಿರವಾದ ಈ ಒತ್ತಡದಲ್ಲಿ ಚೆಂಡು ಕಾಲಿಗೆ ತಾಗಿದಾಗ ಕೊಂಚ ತಗ್ಗಿ, ಒಂದು ಗಳಿಗೆ ಬೂಟಿನ ಮೇಲೆ ನಿಂತಂತಾಗುತ್ತದೆ. ಹಿಡಿತಕ್ಕೆ ಅಷ್ಟು ಅವಕಾಶ ಸಾಕು. ಇನ್ನೊಂದು ವಿಷಯ: ಬೆಳಿಗ್ಗೆ ನೆರಳಿನಲ್ಲಿ ತುಂಬಿಸಿದ ಚೆಂಡು ಮಧ್ಯಾಹ್ನದ ಬಿಸಿಲಿನಲ್ಲಿ ಹದಿನೈದು ಡಿಗ್ರಿ ಹೆಚ್ಚು ಬಿಸಿಯಾದರೆ ಒಳಗಿನ ಒತ್ತಡ ಒಂದು ಪಿಎಸ್‌ಐಗಿಂತ ಸ್ವಲ್ಪ ಹೆಚ್ಚೇ ಏರುತ್ತದೆ. ಹಾಗಾಗಿ ಅಳತೆ ನೋಡಬೇಕಾದದ್ದು ಮನೆಯಲ್ಲಲ್ಲ, ಮೈದಾನದಲ್ಲಿ, ಆಟಗಾರರು ಮೈ ಬಿಸಿ ಮಾಡಿಕೊಳ್ಳುತ್ತಿರುವಾಗ.

ಶ್ರಾವಣದ ಕೊನೆಯ ಭಾನುವಾರ ಊರಿನಲ್ಲಿ ನಡೆದ ಪಂದ್ಯದಲ್ಲಿ ಇದರ ಫಲ ಕಂಡಿತು. ಎದುರಾಳಿಗಳು ನಮಗಿಂತ ಎತ್ತರದವರು, ಹೆಡ್ ಮಾಡುವುದರಲ್ಲಿ ಪಳಗಿದವರು, ಹಿಂದಿನ ಋತುವಿನಲ್ಲಿ ಎರಡು ಸಲವೂ ಕಾರ್ನರ್‌ಗಳಿಂದಲೇ ನಮ್ಮನ್ನು ಸೋಲಿಸಿದವರು. ಚೆಂಡು ಹೆಚ್ಚು ಪುಟಿಯದ ಆ ಸಂಜೆ ಅವರ ಎತ್ತರ ಕೆಲಸಕ್ಕೆ ಬರಲಿಲ್ಲ. ನಮ್ಮ ಮೂವರು ಮಿಡ್‌ಫೀಲ್ಡರ್‌ಗಳು ತ್ರಿಕೋನದಲ್ಲಿ ನಿಂತು ಚೆಂಡನ್ನು ನೆಲ ಬಿಟ್ಟು ಏಳದಂತೆ ಸಾಗಿಸಿದರು. ಎರಡನೇ ಗೋಲಿಗೆ ಮುಂಚಿನ ಚಲನೆಯಲ್ಲಿ ಬಲಬದಿಯಿಂದ ಒಳಗೆ ಬಂದ ಪಾಸ್ ಅನ್ನು ನಮ್ಮ ಹುಡುಗ ಪಾದದ ಒಳಭಾಗದಿಂದ ತಡೆದ ರೀತಿಯನ್ನು ರಬ್ಬರ್ ಚೆಂಡಿನಲ್ಲಿ ನಾನು ಎಂದೂ ನೋಡಿರಲಿಲ್ಲ, ಅದರಲ್ಲಿ ಆ ವೇಗದ ಪಾಸ್ ಎರಡು ಗಜ ದೂರ ಹಾರಿರುತ್ತಿತ್ತು. 3–1 ಗೆದ್ದೆವು. ಗೆಲುವಿನ ಶ್ರೇಯಸ್ಸೆಲ್ಲ ಚೆಂಡಿನದೇ ಎಂದರೆ ಹುಡುಗರು ಸಿಟ್ಟಾಗುತ್ತಾರೆ, ಅದು ಸರಿಯೂ ಅಲ್ಲ. ಆದರೆ ಅವರು ವಾರವಿಡೀ ಕಲಿತದ್ದನ್ನು ಪಂದ್ಯದಲ್ಲಿ ಆಡಲು ಚೆಂಡು ಬಿಟ್ಟುಕೊಟ್ಟಿತು. ಅದೇ ಪಂದ್ಯದ ಕೊನೆಯಲ್ಲಿ ಎದುರಾಳಿಗಳ ದೂರದ ಹೊಡೆತ ಮಾತ್ರ ನಮ್ಮ ಕೀಪರ್‌ನ ಕೈಯ ಮುಂದೆ ಓಲಾಡಿ ಒಳಗೆ ಹೋಯಿತು. ಅಂಥ ಹೊಡೆತಕ್ಕೆ ಚೆಂಡನ್ನು ದೂರುವುದು ಕೀಪರ್‌ಗಳ ಹಳೆಯ ಚಾಳಿ.

ಬಾಳಿಕೆಯ ವಿಷಯಕ್ಕೆ ಬಂದರೆ ನಮ್ಮ ದೊಡ್ಡ ಶತ್ರು ಬಳ್ಳಾರಿ ಜಾಲಿ. ಮೈದಾನದ ಅಂಚಿನ ಬೇಲಿಯಿಂದ ಗಾಳಿಗೆ ಉದುರುವ ಒಣಮುಳ್ಳು ಹೊದಿಕೆ, ಬಟ್ಟೆ, ಒಳಗೆ ಗಾಳಿ ತುಂಬುವ ಚೀಲವಾದ ಬ್ಲಾಡರ್ ಮೂರನ್ನೂ ದಾಟುತ್ತದೆ. ಒಂದು ಪಂದ್ಯದಲ್ಲಿ ನಮ್ಮ ಫಾರ್ವರ್ಡ್ ಗೋಲಿನತ್ತ ಓಡುತ್ತಿರುವಾಗಲೇ ಚೆಂಡು ಸುಸ್ಸೆಂದು ಇಳಿಯಿತು. ರೆಫರಿ ಆಟ ನಿಲ್ಲಿಸಿ, ನಿಯಮದಂತೆ ಬೇರೆ ಚೆಂಡು ತರಿಸಿ ಡ್ರಾಪ್ ಬಾಲ್‌ನಿಂದ ಆಟ ಮುಂದುವರಿಸಿದರು, ಆ ಅವಕಾಶ ಕೈತಪ್ಪಿತು. ಪೆನಾಲ್ಟಿಯ ಹೊಡೆತದಲ್ಲಿ ಚೆಂಡು ಯಾರಿಗೂ ಕಂಬಕ್ಕೂ ತಾಗುವ ಮೊದಲೇ ಕೆಟ್ಟಿದ್ದರೆ ಮತ್ತೆ ಹೊಡೆಯಲು ಬಿಡುತ್ತಾರೆ, ಓಡುವ ಆಟದಲ್ಲಿ ಅಂಥ ದಯೆಯಿಲ್ಲ. ಆದರೆ ಕೈಹೊಲಿಗೆಯ ಚೆಂಡಿನ ನಿಜವಾದ ಲಾಭ ಕಂಡದ್ದೂ ಆಗಲೇ. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ವಾಲ್ವ್ ಪಕ್ಕದ ಒಂದು ಷಡ್ಭುಜದ ಹೊಲಿಗೆಯನ್ನು ಬಿಚ್ಚಿ, ಬ್ಲಾಡರ್ ಹೊರಗೆಳೆದು, ಸೈಕಲ್ ಟ್ಯೂಬಿಗೆ ಹಾಕುವ ಪ್ಯಾಚ್ ಅಂಟಿಸಿ, ಮೇಣ ಸವರಿದ ದಾರದಿಂದ ಮತ್ತೆ ಹೊಲಿದು ಕೊಟ್ಟರು. ಒಳಗಿನಿಂದ ಗಂಟು ಹಾಕಿ ಕೊನೆಯ ಹೊಲಿಗೆಯನ್ನು ಎಳೆದು ಮುಚ್ಚಿದ ಜಾಗ ಈಗ ಹುಡುಕಿದರೂ ಸಿಗುವುದಿಲ್ಲ. ಅಂಟು ಮತ್ತು ಶಾಖದಿಂದ ಜೋಡಿಸುವ, ಹೊಲಿಗೆಯೇ ಇಲ್ಲದ ಥರ್ಮೋ ಚೆಂಡುಗಳಲ್ಲಿ ಇದು ಸಾಧ್ಯವಿಲ್ಲ. ಅವು ನೀರು ಹೀರುವುದು ಕಡಿಮೆ, ಹಾರಾಟ ನೇರ, ನೋಡಲೂ ಅಂದ. ಆದರೆ ಒಮ್ಮೆ ಮುಳ್ಳು ತಾಗಿದರೆ ಅಲ್ಲಿಗೆ ಅದರ ಕತೆ ಮುಗಿಯಿತು.

ದೂರುಗಳೂ ಇವೆ. ಹೊದಿಕೆಯ ಮೇಲಿನ ಬಣ್ಣ ಮತ್ತು ಮುದ್ರೆ ಕೆಲವೇ ಪಂದ್ಯಗಳಲ್ಲಿ ಅಳಿಸಿಹೋಗುತ್ತವೆ, ಸಂಜೆಯ ಮಬ್ಬಿನಲ್ಲಿ ಮಣ್ಣುಬಣ್ಣಕ್ಕೆ ತಿರುಗಿದ ಚೆಂಡು ಲೈನ್ಸ್‌ಮನ್‌ಗೂ ಸರಿಯಾಗಿ ಕಾಣುವುದಿಲ್ಲ. ನಾವು ತಂದವುಗಳಲ್ಲಿ ಲೇಟೆಕ್ಸ್ ಬ್ಲಾಡರ್ ಇರುವವು ಕಾಲಿಗೆ ಮೃದು, ಆದರೆ ನಾಲ್ಕು ದಿನ ಬಿಟ್ಟರೆ ಗಾಳಿ ಇಳಿದಿರುತ್ತದೆ. ಬ್ಯೂಟೈಲ್ ಬ್ಲಾಡರ್‌ನವು ಗಾಳಿಯನ್ನು ಹೆಚ್ಚು ದಿನ ಹಿಡಿದಿಡುತ್ತವೆ, ಸ್ವಲ್ಪ ಒರಟು. ವಾರಕ್ಕೊಮ್ಮೆ ಮಾತ್ರ ಸೇರುವ ತಂಡಕ್ಕೆ ಬ್ಯೂಟೈಲ್ ಸಾಕು. ರಬ್ಬರ್ ಚೆಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅಗ್ಗ, ಗಟ್ಟಿಮುಟ್ಟು, ಶಾಲೆಗಳಿಗೆ ತಕ್ಕದ್ದು, ಹೆಡ್ ಮಾಡಿದರೆ ಹಣೆ ಉರಿಯುತ್ತದೆ.

ಕೊಳ್ಳುವವರು ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು ಸುಲಭ. ನಮ್ಮಲ್ಲಿಗೆ ಬರುವ ಚೆಂಡುಗಳಲ್ಲಿ ಬಹುಪಾಲು ಜಲಂಧರ್ ಅಥವಾ ಮೀರತ್ ಕಡೆಯವು, ಗಾಳಿ ತೆಗೆದು ಚಪ್ಪಟೆ ಮಾಡಿ ಕಳುಹಿಸಿರುತ್ತಾರೆ, ತುಂಬಿಸದೆ ಕೊಳ್ಳಬೇಡಿ. ಸೂಜಿಯನ್ನು ಒಂದು ಹನಿ ನೀರಿನಲ್ಲಿ ಅದ್ದದೆ ವಾಲ್ವ್‌ಗೆ ಚುಚ್ಚಲು ಬಿಡಬೇಡಿ, ಒಣಸೂಜಿಗೆ ಹೊಸ ವಾಲ್ವ್ ಮೊದಲ ದಿನವೇ ಹರಿಯಬಹುದು. ದರ್ಜಿಯ ಟೇಪಿನಿಂದ ಎರಡು ದಿಕ್ಕಿನಲ್ಲಿ ಸುತ್ತಳತೆ ನೋಡಿ. ಎರಡೂ ಅಳತೆ ಒಂದೇ ಇದ್ದರೆ ಚೆಂಡು ಗುಂಡಗಿದೆ ಎಂದರ್ಥ. ಎರಡು ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟಾಗ ಪ್ರೊ ದರ್ಜೆಯ ಚೆಂಡು 135ರಿಂದ 155 ಸೆಂಟಿಮೀಟರ್ ಪುಟಿಯಬೇಕು. ನಿಮ್ಮ ಚೆಂಡು ನಿಮ್ಮ ಎದೆಯ ಆಸುಪಾಸಿಗೆ ಬಂದರೆ ಸಾಕು, ತಲೆಯ ಮಟ್ಟ ಮುಟ್ಟಿದರೆ ಬೇರೆಯದನ್ನು ಕೇಳಿ. ಹೊಲಿಗೆಯ ಸಾಲನ್ನು ಉಗುರಿನಿಂದ ಅಗಲಿಸಿ ನೋಡಿದಾಗ ದಾರ ಕಂಡರೆ ಆ ಚೆಂಡನ್ನು ವಾಪಸ್ ಇಡಿ. ಇಷ್ಟೆಲ್ಲ ಮಾಡುವಾಗ ಅಂಗಡಿಯವರು ಮುಖ ಗಂಟಿಕ್ಕಿದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ, ಒಂದು ಋತುವಿಗೆ ಮೂರು ಚೆಂಡು ಕೊಳ್ಳುವ ತಂಡವನ್ನು ಅವರು ಕಳೆದುಕೊಳ್ಳಲಾರರು.

ಅಂಕಪಟ್ಟಿಯಲ್ಲಿ ನಾವು ಈಗ ಮೂರನೇ ಸ್ಥಾನದಲ್ಲಿದ್ದೇವೆ. ಉಳಿದಿರುವ ಪಂದ್ಯಗಳಲ್ಲಿ ಹೆಚ್ಚಿನವು ಊರಿನಲ್ಲೇ, ಒಣ ನೆಲದ ಮೇಲೆ. ಅವುಗಳಿಗೆ ಇದೇ ಬೇಸಿಕ್ ದರ್ಜೆಯ, ಬ್ಯೂಟೈಲ್ ಬ್ಲಾಡರ್‌ನ ಇನ್ನೆರಡು ಚೆಂಡುಗಳಿಗೆ ಹಣ ಕೊಟ್ಟಾಗಿದೆ. ಹೊರಗೆ ಆಡಬೇಕಾದ ಪಂದ್ಯಗಳಿಗೆ ಗೇಜ್ ಇರುವ ಪಂಪ್ ನಮ್ಮ ಕಿಟ್ ಚೀಲದಲ್ಲೇ ಬರುತ್ತದೆ, ಟಾಸ್‌ಗೆ ಮುನ್ನ ಅದನ್ನು ರೆಫರಿಯ ಕೈಗೆ ಕೊಡಬೇಕೆಂದು ನಾಯಕನಿಗೆ ತಿಳಿಸಿದ್ದೇನೆ.